ನಾವೇ ಮುಚ್ಚಿದ ಕುಣಿ

ನಮ್ಮ ಓಣಿ ಕೊಳಗೇರಿ ಎಂಬುದು ನಮಗೆ ಗೊತ್ತಾದದ್ದೇ, ಅದನ್ನು ಕೆಡವಿ ಹೊಸದಾಗಿ ಕಟ್ಟುತ್ತೇವೆಂದು ಸರ್ಕಾರದವರು ಬಂದಾಗ. ಅಲ್ಲಿಯ ತನಕ ರಾಮದುರ್ಗದಲ್ಲಿ ಅದು ನೇಕಾರರ ಓಣಿ, ಅಷ್ಟೇ. ಮಣ್ಣಿನ ಗೋಡೆ, ತಗಡಿನ ಮಾಡು, ಬಾಗಿಲ ಮುಂದೆಯೇ ಗಟಾರು, ಎಲ್ಲ ನಿಜ. ಆದರೆ ಬೆಳಗಾದರೆ ಪ್ರತಿ ಮನೆಯಿಂದಲೂ ಮಗ್ಗದ ಸಪ್ಪಳ ಕೇಳುತ್ತಿತ್ತು. ಸಪ್ಪಳವಿರುವ ಮನೆಯವರು ಇನ್ನೊಬ್ಬರ ಹೊಲಕ್ಕೆ ಕೂಲಿ ಹೋಗುವವರಲ್ಲ ಎಂಬ ಸೊಕ್ಕು ನಮಗಿತ್ತು. ನನಗೆ ಒಂದು ಕೈ ಹೆಚ್ಚೇ ಇತ್ತು.

ನಮ್ಮದು ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಗೆ ಕಾಲು ಇಳಿಬಿಟ್ಟು, ಅದರ ದಂಡೆಯ ಮೇಲೆ ಕುಳಿತು ನೇಯಬೇಕು. ಅಪ್ಪ ನೇಯುತ್ತಿದ್ದ, ಅವ್ವ ನೂಲಿಗೆ ಗಂಜಿ ಹಾಕುತ್ತಿದ್ದಳು, ನಾನು ಲಾಳಿಯೊಳಗೆ ಇಡುವ ಕಂಡಿಕೆಗೆ ನೂಲು ಸುತ್ತುತ್ತಿದ್ದೆ. ಸಾಹುಕಾರ ನೂಲು ಕೊಟ್ಟು ಸೀರೆ ಒಯ್ಯುತ್ತಿದ್ದ.

ಅಪ್ಪ ಪೇಪರ್ ಓದುವವ. ಓಣಿಯಲ್ಲಿ ಯಾರಿಗೆ ನೋಟೀಸು ಬಂದರೂ ಅವನ ಮುಂದೆ ತಂದು ಹಿಡಿಯುತ್ತಿದ್ದರು. ಹೀಗಾಗಿ ತನಗೆ ಗೊತ್ತಿಲ್ಲದ್ದು ಯಾವುದೂ ಇಲ್ಲ ಎಂದು ಅವನೂ ನಂಬಿಬಿಟ್ಟಿದ್ದ. ಸರ್ವೆಯವರು ಬರುವ ಸುದ್ದಿ ಹಬ್ಬಿದಾಗ ಸವದತ್ತಿಯ ಚಹಾದಂಗಡಿಯಿಂದ ಒಂದು ಮಾತು ಹೊತ್ತು ತಂದ. ಸಂಜೆ ಎಲ್ಲರನ್ನೂ ಕೂಡಿಸಿ ಹೇಳಿದ:

"ಮನ್ಯಾಗ ಮಗ್ಗ ಕಂಡ್ರ ಕಾರ್ಖಾನಿ ಅಂತ ಬರಕೊಂತಾರ. ಕಾರ್ಖಾನಿಗೆ ಯಾರರ ಮನಿ ಕೊಡತಾರೇನು? ಸುಮ್ನ ಬಿಚ್ಚಿಡ್ರಿ. ಕುಣಿ ಮುಚ್ಚಿಬಿಡ್ರಿ."

ಇಡೀ ಓಣಿ ಕುಣಿ ಮುಚ್ಚಿತು. ಮಗ್ಗಗಳು ಬಿಚ್ಚಿಕೊಂಡು ಅಟ್ಟ ಸೇರಿದವು. ಬುಟ್ಟಿಗಟ್ಟಲೆ ಮಣ್ಣು ಬಂದು ಕುಣಿಗೆ ಬಿತ್ತು. ತುಳಿದು ಗಟ್ಟಿ ಮಾಡಿ ಮೇಲೆ ಸಗಣಿ ಸಾರಿಸಿದೆವು. ಏನೋ ದೊಡ್ಡ ಜಾಣತನ ಮಾಡಿದವರ ಹಾಗೆ ನಾವು ನಗುತ್ತಿದ್ದೆವು. ಮರುದಿನ ಬಂದ ಸರ್ವೆ ಸಾಹೇಬರು, "ಇಲ್ಲಿ ಮಗ್ಗ ಅದಾವಂತಲ್ರಿ?" ಎಂದರೆ, ಅಪ್ಪ ಎಲ್ಲರ ಪರವಾಗಿ ಮುಂದೆ ಬಂದು ಕೈ ಮುಗಿದ. "ಇಲ್ರಿ ಸಾಹೇಬ್ರ. ನಾವು ಕೂಲಿ ಮಂದಿ."

ಓಣಿಯ ಕೊನೆಯ ಮನೆಯ ದೊಡ್ಡವ್ವನ ಕುಣಿ ಮಾತ್ರ ಬಾಯಿ ತೆರೆದುಕೊಂಡೇ ಇತ್ತು. ದೊಡ್ಡವ್ವ ಹಿಂದುಮುಂದು ಯಾರೂ ಇಲ್ಲದ ವಿಧವೆ. ತಾನೇ ನೇಯ್ದು ಉಣ್ಣುತ್ತಿದ್ದವಳು. ಸಾಹೇಬರು ಒಳಗೆ ಹೋಗಿ ಮಗ್ಗ ನೋಡಿಕೊಂಡು ಬಂದರು. ಮುದುಕಿ ಮನೆ ಕಳೆದುಕೊಂಡಳು ಎಂದು ಓಣಿಯೆಲ್ಲ ಆಡಿಕೊಂಡಿತು. ಅಪ್ಪನಿಗಂತೂ ಸಿಟ್ಟು. ತನ್ನ ಮಾತು ಕೇಳದ ಮೊಂಡಿ ಎಂದು ಅವಳೊಂದಿಗೆ ಮಾತು ಬಿಟ್ಟ.

ಮನೆ ಕಟ್ಟಿ ಮುಗಿದಾಗ ತಿಳಿದದ್ದು: ಮಗ್ಗವಿದ್ದವರಿಗೆ ಕೆಳಗಿನ ಮನೆ, ಹಿಂದೆ ಮಣ್ಣಿನ ನೆಲದ ಒಂದು ಖೋಲಿ ಹೆಚ್ಚು. ಅದು ಸಿಕ್ಕಿದ್ದು ದೊಡ್ಡವ್ವ ಒಬ್ಬಳಿಗೇ. ಉಳಿದವರಿಗೆ ಚೀಟಿ ಎತ್ತಿ ಕೊಟ್ಟರು. ನಮಗೆ ಬಂದದ್ದು ಮಾಳಿಗೆಯ ಮೇಲಿನ ಮನೆ. ನಳ ಇತ್ತು, ಸಂಡಾಸ ಇತ್ತು, ಟ್ಯೂಬ್‌ಲೈಟ್ ಇತ್ತು. ಮಾಳಿಗೆ ಮೇಲೆ ಕುಣಿ ತೋಡಿದರೆ ಕಾಲು ಕೆಳಗಿನ ಮನೆಯವರ ತಲೆಯ ಮೇಲೆ ಇಳಿಯುತ್ತವೆ. ಕೆಳಗಿನವರ ಪಾಡೂ ಬೇರೆಯಲ್ಲ. ಇದ್ದ ಒಂದೇ ಖೋಲಿಯಲ್ಲಿ ಕಾಂಕ್ರೀಟು ಒಡೆದರೆ ಮಲಗುವುದೆಲ್ಲಿ? ಸಾಹುಕಾರ ಒಮ್ಮೆ ಬಂದು ಮೆಟ್ಟಿಲ ಹತ್ತಿರ ನಿಂತು ಮೇಲೆ ಕೆಳಗೆ ನೋಡಿದ, ನೂಲಿನ ಗಂಟು ಇಳಿಸದೆಯೇ ಹೋದ.

"ಮಗ್ಗ ಇದ್ದೂವು ಅಂತ ಈಗರ ಹೋಗಿ ಹೇಳ್ರಿ," ಎಂದಳು ಅವ್ವ.

"ಕೂಲಿ ಮಂದಿ ಅಂತ ನಾನ ಕೈ ಮುಗದು ಹೇಳೇನಿ. ಈಗ ಯಾವ ಬಾಯಿಲೆ ಹೋಗ್ಲಿ?"

ಓಣಿಯ ಗಂಡಸರು ಕೆಲಸವಿಲ್ಲದೆ ಹೊತ್ತು ಏರುವ ತನಕ ಮೆಟ್ಟಿಲ ಮೇಲೆ ಕುಳಿತಿರುತ್ತಿದ್ದರು. ಯಾರಾದರೂ ಒಬ್ಬರು ಅಪ್ಪನನ್ನು ಬೈದಿದ್ದರೆ ನಮಗೆ ಉಸಿರಾಡಲು ಬರುತ್ತಿತ್ತು. ಯಾರೂ ಬೈಯಲಿಲ್ಲ. ಅವನು ಇಳಿದರೆ ಸರಿದು ಹಾದಿ ಬಿಟ್ಟು, "ಬರ್ರಿ ಕಾಕಾ, ಕುಂಡ್ರಿ ಬರ್ರಿ," ಎನ್ನುತ್ತಿದ್ದರು. ಆ ಮರ್ಯಾದೆಯನ್ನು ತಾಳಲಾರದೆ ಅಪ್ಪ ಮೊಣಕಾಲು ನೋವಿನ ನೆಪ ಹಿಡಿದು ಮೇಲೆಯೇ ಉಳಿದ. ನನಗೂ ನಾಚಿಕೆ. ಅಂಗಡಿಗೆ ಹೋದರೆ ಅವರ ಮಕ್ಕಳ ಮುಖ ನೋಡದೆ ಬರುತ್ತಿದ್ದೆ.

ಕಡೆಗೆ ಅವ್ವ ಕಟಕೋಳದ ಕಡೆ ಉಳ್ಳಾಗಡ್ಡಿ ಕೀಳುವ ಕೂಲಿಗೆ ಟೆಂಪೊ ಹತ್ತಿದಳು. ಗುರುತು ಸಿಗಬಾರದೆಂದು ಸೆರಗನ್ನು ಕಣ್ಣಿನ ತನಕ ಸುತ್ತಿಕೊಂಡಿದ್ದಳು. ಸಂಜೆ ಅವಳು ಇಳಿಯುವುದನ್ನು ಅಪ್ಪ ಮೇಲಿನಿಂದ ನೋಡಿದ. ಆ ರಾತ್ರಿ ಅವನು ಉಣ್ಣಲಿಲ್ಲ.

ದೊಡ್ಡವ್ವನ ಕಾಲು ಸೋತಿದ್ದವು. ಹಿಂದಿನ ಖೋಲಿಯಲ್ಲಿ ಕುಣಿ ತೋಡಿಸಿ ಹೂಡಿದ ತನ್ನ ಮಗ್ಗ ಸುಮ್ಮನೆ ನಿಂತಿದೆ, ಅಪ್ಪನೇ ಬಂದು ನೇಯಲಿ ಎಂದು ಅವಳು ಎಂದೋ ಹೇಳಿ ಕಳಿಸಿದ್ದಳು. ಅಪ್ಪ ಕಿವಿಗೆ ಹಾಕಿಕೊಂಡಿರಲಿಲ್ಲ. ಮರುದಿನ ಬೆಳಿಗ್ಗೆ ನನ್ನ ಕೈಗೆ ಕಂಡಿಕೆಯ ಬುಟ್ಟಿ ಕೊಟ್ಟು ಮೆಟ್ಟಿಲಿಳಿದ. ಕುಳಿತಿದ್ದವರು ಎಂದಿನಂತೆ ಸರಿದು ಹಾದಿ ಬಿಟ್ಟರು.

"ಬಾರಪಾ ತಮ್ಮಾ," ಎಂದಳು ದೊಡ್ಡವ್ವ. ಕುಣಿಯ ಧೂಳನ್ನು ಆಗಲೇ ಹೊಡೆದಿಟ್ಟಿದ್ದಳು.

ಅಪ್ಪ ಬಾಗಿಲಲ್ಲೇ ನಿಂತ. "ನೀ ನನ್ನ ಮಾತು ಕೇಳಲಿಲ್ಲ. ಚಲೋ ಮಾಡಿದಿ, ವೈನಿ."

ಮುದುಕಿ ಅವನನ್ನು ವಿಚಿತ್ರವಾಗಿ ನೋಡಿದಳು. "ಎಲ್ಲಿ ಕೇಳಲಿಲ್ಲೋ? ನಾನೂ ಮುಚ್ಚಾಕ ಕುಂತಿದ್ದೆ. ಒಬ್ಬಾಕಿ ಮುದುಕಿ, ಮಣ್ಣು ಹೊರೂದು ಆಗೂದಿಲ್ಲ ಅಂದಿದ್ಕ, ನೀನ ಮಂದಿ ಕಳಸ್ತೇನಿ ಅಂದಿದ್ದಿ. ಕತ್ತಲಾಗೂತನಾ ಹಾದಿ ನೋಡಿದೆ. ಯಾರೂ ಬರಲಿಲ್ಲ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನಡೆದದ್ದನ್ನು ಹೇಳಿದಳು, ಅಷ್ಟೇ. ಅಂದು ಇಡೀ ಓಣಿಯಲ್ಲಿ ಅವಳ ನೆನಪು ಒಬ್ಬರಿಗೂ ಆಗಿರಲಿಲ್ಲ. ನಾವು ಮರೆತದ್ದರಿಂದಲೇ ಓಣಿಯಲ್ಲಿ ಒಂದು ಕುಣಿ ಉಳಿದಿತ್ತು.

ಅಪ್ಪ ಚಪ್ಪಲಿ ಹೊರಗೆ ಬಿಟ್ಟು ಬಂದು, ಕುಣಿಯ ದಂಡೆಯ ಮೇಲೆ ಕುಳಿತು ಕಾಲು ಇಳಿಸಿದ. ಬಹಳ ಹೊತ್ತು ಮಗ್ಗದ ಕಾಲುಹಲಗೆ ತುಳಿಯಲಿಲ್ಲ. ಲಾಳಿ ಹೊಡೆದರೆ ಸಪ್ಪಳವಾಗುತ್ತದೆ, ಮೆಟ್ಟಿಲ ಮೇಲಿನವರಿಗೆಲ್ಲ ಕೇಳುತ್ತದೆ.