ಮೈಗೆ ಹತ್ತದ ಕಬ್ಬಿಣ

ನನ್ನ ಕಾಲುಗಳಿಗೆ ಸುಮ್ಮನಿರುವುದು ಗೊತ್ತಿಲ್ಲ. ಕೂತರೆ ಒಳಗೆಲ್ಲೋ ಇರುವೆ ಹರಿದಂತಾಗುತ್ತದೆ. ಎದ್ದು ಶಹಾಬಾದಿನ ನಮ್ಮ ಮನೆಯ ಕಲ್ಲುಹಾಸಿನ ಮೇಲೆ ಓಡಾಡಲೇಬೇಕು. ಓಡಾಡಿದರೆ ಏದುಸಿರು. ಶಾಲೆಯಲ್ಲಿ ಬಳಪದಿಂದ ಬರೆದದ್ದಕ್ಕಿಂತ ಬಳಪ ತಿಂದದ್ದೇ ಹೆಚ್ಚು. ರಕ್ತದಲ್ಲಿ ಕಬ್ಬಿಣ ಕಮ್ಮಿ ಎಂದು ಅಲ್ಲಿ ಗುಳಿಗೆ ಕೊಡುತ್ತಿದ್ದರು. ಅದನ್ನು ನಾನು ಕದ್ದು ಎಸೆಯುತ್ತೇನೆಂಬುದು ಅವ್ವನ ಗಟ್ಟಿ ನಂಬಿಕೆ. ಎದುರಿಗೆ ನಿಂತು ನುಂಗಿಸಿ, ನಾಲಿಗೆ ಎತ್ತಿಸಿ ನೋಡುತ್ತಿದ್ದಳು. ಮುಂದಿನ ಸಲ ರಕ್ತ ಪರೀಕ್ಷಿಸಿದರೆ ಮತ್ತೆ ಅಷ್ಟೇ. ಕಳ್ಳಿ ಎಂಬ ಹೆಸರು ಖಾಯಂ ಆಯಿತು. ಆಗ ಸಿಟ್ಟು ಬರುತ್ತಿತ್ತು; ಈಗಲೂ ಬರುತ್ತದೆ.

ಈ ವರ್ಷ ಕಲಬುರಗಿಯ ಡಾಕ್ಟರೊಬ್ಬರು ದೊಡ್ಡ ಪರೀಕ್ಷೆ ಮಾಡಿಸಿದರು. ಹುಟ್ಟಿನಿಂದಲೇ ನನ್ನ ಕರುಳು ಗುಳಿಗೆಯ ಕಬ್ಬಿಣವನ್ನು ರಕ್ತಕ್ಕೆ ಬಿಡುವುದಿಲ್ಲವಂತೆ. ಸಲೈನಿನ ಹಾಗೆ ನರಕ್ಕೇ ಏರಿಸಬೇಕಂತೆ. ತಾಯಿ ತಂದೆ ಇಬ್ಬರಿಂದಲೂ ಬಂದರಷ್ಟೇ ಹೀಗಾಗುತ್ತದೆ ಎಂದು ಹೇಳಿ, ಸಂಬಂಧದೊಳಗಿನ ಮದುವೆಯೇ ಎಂದು ಕೇಳಿದರು. ಅವ್ವ ಹೌದೆಂದು ತಲೆಯಾಡಿಸಿದಳು. ಅವಳು ಕಟ್ಟಿಕೊಂಡದ್ದು ತನ್ನ ಸೋದರಮಾವನನ್ನೇ. ನನ್ನ ಮದುವೆಗೆ ಗೊತ್ತುಮಾಡಿದ್ದೂ ಅವಳ ತಮ್ಮನ ಮಗನನ್ನೇ; ಅದನ್ನೂ ಹೇಳಿದಳು. ಅವನಲ್ಲೂ ಈ ದೋಷ ಅಡಗಿದ್ದರೆ ಮಕ್ಕಳಿಗೂ ಇದೇ ಪಾಡು ಬರಬಹುದು, ಮೊದಲು ಅವನ ರಕ್ತ ನೋಡಬೇಕು ಎಂದರು ಡಾಕ್ಟರು.

ಅಪ್ಪ ತೀರಿಕೊಂಡ ಮೇಲೆ ಅವಳಿಗೆ ತವರು ಎಂದರೆ ತಮ್ಮನೊಬ್ಬನೇ. ಅವನ ಮಾತನ್ನು ಅವಳು ಎಂದೂ ಮೀರಿದವಳಲ್ಲ. ಅವನು ಒತ್ತಾಯಿಸಿದರೆ ಒಪ್ಪಿಬಿಡುತ್ತಾಳೆಂದು ವಾಪಸು ಬರುವಾಗ ನನಗೆ ಭಯವಾಗಿತ್ತು.

ಮುಂದಿನ ವಾರ ಆ ಮಾವ ನಿಶ್ಚಯಕ್ಕೆ ದಿನ ಹಿಡಿಯಲು ತನ್ನ ಊರು ಕೊಡ್ಲಿಯಿಂದ ಬಂದ. ಅವ್ವ ಚಹಾ ಕೊಟ್ಟು ವಿಷಯ ಹೇಳಿದಳು. ಗಂಡುಹುಡುಗನ ರಕ್ತ ತೋರಿಸಿ ಊರಲ್ಲಿ ಮುಖ ಎತ್ತುವುದು ಹೇಗೆ ಎಂದು ಅವನು ರೇಗಿದ. ನಾನು ಪಡಸಾಲೆಗೂ ಅಡುಗೆಮನೆಗೂ ಸುತ್ತುತ್ತಿದ್ದೆ. ಇನ್ನೇನು ಅವ್ವ ಸೋಲುತ್ತಾಳೆ ಎಂದುಕೊಂಡೆ.

"ಅಕ್ಕಾ, ನಮ್ಮ ರಕ್ತದಾಗ ಏನ್ ಕಮ್ಮಿ ಅದ?" ಎಂದ ಮಾವ.

ಅವ್ವ ನನ್ನನ್ನು ಕರೆದು, ಗದ್ದ ಹಿಡಿದು, ಕಣ್ಣಿನ ಕೆಳರೆಪ್ಪೆ ಎಳೆದು ತೋರಿಸಿದಳು. ಕೆಂಪಿರಬೇಕಾದ ಒಳಭಾಗ ಬೆಳ್ಳಗಿತ್ತು.

"ಇಕಿ ಒಂದಿನಾನೂ ಗುಳಗಿ ಒಗದಿಲ್ಲಪ್ಪ. ನಾನೇ ಸುಮ್ಮಸುಮ್ಮನ ಬೈಕೋತ ಬಂದೀನಿ. ಮೊದಲ ಹುಡುಗನ ರಕ್ತ ತೋರಸು. ಇಲ್ಲಂದ್ರ ಈ ಸಂಬಂಧ ಬ್ಯಾಡ."

ಮಾವ ಅರ್ಧ ಚಹಾ ಬಿಟ್ಟು ಎದ್ದು ಹೋದ. ಅವ್ವ ಹೊಸ್ತಿಲ ತನಕ ಹೋದಳು, ಆದರೆ ಕರೆಯಲಿಲ್ಲ. ಅವನು ಓಣಿಯ ತಿರುವು ದಾಟಿದ ಮೇಲೆ ನನ್ನ ಕಡೆ ತಿರುಗಿದಳು.

"ಪಂಚಮಿಗಿ ನನ್ನ ತವರಿಗಿ ಕರಿಲಿಕ್ಕ ಇನ್ನ ಯಾರ್ ಬರ್ತಾರ?" ಎಂದಳು.