ಸಕೀನಮ್ಮನ ಹದಿನೇಳು ನೂಲು

ಸಕೀನಮ್ಮ ಪುಸ್ತಕದ ಪುಟವನ್ನು ಬೆರಳ ತುದಿಯಿಂದ ತಿರುವಿದ್ದನ್ನು ನಾನು ನೋಡಿಯೇ ಇಲ್ಲ. ಮುಷ್ಟಿ ಮಡಿಸಿ, ಗೆಣ್ಣಿನಿಂದ ಹಾಳೆಯ ಅಂಚನ್ನು ಮೆಲ್ಲಗೆ ಆಚೆಗೆ ದೂಡುತ್ತಿದ್ದರು. ಮೂವತ್ತು ವರ್ಷ ಬಿಸಿನೀರಿನೊಳಗೆ ರೇಷ್ಮೆಗೂಡಿನ ಎಳೆ ಹುಡುಕಿ ಹುಡುಕಿ ಅವರ ಬೆರಳ ತುದಿಗಳು ಬಿಳಿಚಿ, ಸುಕ್ಕುಗಟ್ಟಿ, ಸದಾ ಒದ್ದೆಯಾಗಿರುವಂತೆ ಕಾಣುತ್ತಿದ್ದವು. ಅವು ತಾಗಿದರೆ ಹಾಳೆ ಅಂಟಿಕೊಂಡು ಹರಿದೀತು ಎಂಬುದು ಅವರ ಭಯ. "ಪುಸ್ತಕ ನಿಂದು, ಹರುದ್ರೆ ಬೈಗುಳ ನಂಗೆ" ಎನ್ನುತ್ತಿದ್ದರು. ನಾನು ಅವರನ್ನು ಒಂದು ದಿನವೂ ಬೈದವಳಲ್ಲ. ಬೈಸಿಕೊಂಡವಳು.

ರಾಮನಗರದಲ್ಲಿ ನಮ್ಮ ಮನೆಯ ಎದುರಿಗೇ ಅವರ ನೂಲು ಬಿಚ್ಚುವ ಶೆಡ್ಡು. ಬೆಳಿಗ್ಗೆ ಗೂಡಿನ ಮಾರುಕಟ್ಟೆಯಿಂದ ಮಗ ಚೀಲ ತಂದು ಇಳಿಸಿದನೆಂದರೆ ಒಲೆ ಉರಿಯುತ್ತಿತ್ತು, ಚರಕ ತಿರುಗುತ್ತಿತ್ತು, ಬೆಂದ ಹುಳದ ವಾಸನೆ ನಮ್ಮ ಅಡುಗೆಮನೆಗೂ ಬರುತ್ತಿತ್ತು. ಮೈಸೂರಿನಿಂದ ಬಂದ ನೆಂಟರು ಮೂಗು ಮುಚ್ಚಿಕೊಂಡು ಕಾಫಿ ಕುಡಿಯುವುದನ್ನು ನೋಡಿ ನಮಗೆ ನಗು. ನಮ್ಮ ಮೂಗು ಆ ವಾಸನೆಯನ್ನು ಲೆಕ್ಕಕ್ಕಿಡುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು.

ಸಕೀನಮ್ಮ ಓದಿದ್ದು ಸರ್ಕಾರಿ ಕನ್ನಡ ಶಾಲೆಯಲ್ಲಿ, ಏಳನೇ ಕ್ಲಾಸಿನವರೆಗೆ. ಮನೆಯಲ್ಲಿ ಉರ್ದು ಮಾತು, ಬೀದಿಯಲ್ಲಿ ನಮ್ಮೂರ ಕನ್ನಡ, ಓದುವುದು ಮಾತ್ರ ಕನ್ನಡವೇ. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುವವಳು; ಶಾಲೆಯ ಲೈಬ್ರರಿಯ ಜವಾಬ್ದಾರಿಯೂ ನನ್ನ ತಲೆಗೇ ಕಟ್ಟಿದ್ದರು. ವಾರಕ್ಕೊಂದು ಪುಸ್ತಕ ತಂದು ಅವರಿಗೆ ಕೊಡುವುದು ರೂಢಿಯಾಯಿತು. ಮಧ್ಯಾಹ್ನ ಊಟವಾದ ಮೇಲೆ ಚರಕಕ್ಕೆ ಒಂದು ಗಂಟೆ ಬಿಡುವು. ಆಗ ತೊಡೆಯ ಮೇಲೆ ಒಗೆದ ಟವೆಲು ಹಾಸಿ, ಅದರ ಮೇಲೆ ಪುಸ್ತಕ ಇಟ್ಟುಕೊಂಡು, ಶೆಡ್ಡಿನ ಬಾಗಿಲಿಗೆ ಒರಗಿ ಕೂರುತ್ತಿದ್ದರು.

ಓದುವುದಕ್ಕೂ ಅವರದೇ ಒಂದು ಕ್ರಮವಿತ್ತು. ಓದು ನಿಂತ ಪುಟದಲ್ಲಿ ಒಂದು ತುಂಡು ರೇಷ್ಮೆನೂಲು ಇಡುತ್ತಿದ್ದರು. ಬಾಗಿಲಿಗೆ ಯಾರೋ ಬಂದರೆಂದು ಎದ್ದಿದ್ದರೆ, ವಾಪಸು ಬಂದು ನೂಲು ತೆಗೆದು ಮುಂದಕ್ಕೆ ಓದುತ್ತಿದ್ದರು. ಕಥೆಯೇ ಹಿಡಿಸದೆ ಓದು ನಿಂತಿದ್ದರೆ ಮಾತ್ರ ನೂಲು ಅಲ್ಲೇ ಉಳಿಯುತ್ತಿತ್ತು. ಪುಸ್ತಕ ವಾಪಸು ಕೊಡುವಾಗ ಒಂದೊಂದೇ ನೂಲು ತೋರಿಸಿ ತಕರಾರು ಹೇಳುತ್ತಿದ್ದರು. "ಚರಕದಾಗೆ ಎಳೆ ತುಂಡಾದ್ರೆ ನಿಲ್ಸಿ ಕೂಡುಸ್ತೀವಿ. ಇವ್ರು ತುಂಡಾಗಿದ್ದೇ ಗೊತ್ತಿಲ್ದಂಗೆ ಸುತ್ಕಂಡು ಹೋಗವ್ರೆ" ಎಂಬುದು ಬರೆಯುವವರೆಲ್ಲರ ಮೇಲೂ ಅವರಿಗಿದ್ದ ದೂರು.

ರಾಜ, ರಾಣಿ, ಮಂತ್ರವಾದಿ ಅಂದರೆ ಅವರಿಗೆ ಪ್ರಾಣ. ಸಾಮಾಜಿಕ ಕಾದಂಬರಿ ಕೊಟ್ಟರೆ ಮುಖ ಸಿಂಡರಿಸುತ್ತಿದ್ದರು. "ಅತ್ತೆ ಸೊಸೆ ಜಗಳ ನಮ್ಮನೇಲೇ ಐತಲ್ಲ, ಅದುನ್ನ ಬೇರೆ ಓದ್ಬೇಕಾ?" ಅವರ ಸೊಸೆ ತಬಸ್ಸುಮ್ ಒಳಗಿನಿಂದಲೇ ನಗುತ್ತಿದ್ದಳು. ಆದರೆ ಮಾಯಾಕಥೆಯೆಂದು ಸಕೀನಮ್ಮ ಯಾರನ್ನೂ ಸುಮ್ಮನೆ ಬಿಡುತ್ತಿರಲಿಲ್ಲ. ಒಮ್ಮೆ ಹಾರುವ ಕುದುರೆಯ ಕಥೆಯೊಂದನ್ನು ವಾಪಸು ಕೊಡುತ್ತಾ ಕೇಳಿದ್ದರು: "ಕುದ್ರೆ ಹಾರ್ಲಿ, ನಂಗೇನೂ ತಕರಾರಿಲ್ಲ. ಏಳು ದಿನ ಹಾರೈತಲ್ಲಮ್ಮಿ, ಎಲ್ಲಿ ನೀರು ಕುಡೀತು?" ನಾನು ಪುಟ ತಿರುವಿ ಹುಡುಕಿದೆ. ಬರೆದವರಿಗೂ ಗೊತ್ತಿದ್ದಂತಿರಲಿಲ್ಲ.

ಇಂಥವರ ಎದುರು ಮನೆಯಲ್ಲಿ ಕುಳಿತು ನಾನು ನನ್ನ ಮೊದಲ ಕಾದಂಬರಿ ಬರೆದೆ. ಹದಿಹರೆಯದ ಮಕ್ಕಳಿಗೆಂದು ಬರೆದ ಫ್ಯಾಂಟಸಿ. ಬಂಡೆಗಳ ಮೇಲಿನ ಒಂದು ನಗರ, ಅಲ್ಲಿ ಹದ್ದಿನ ಮೇಲೆ ಸವಾರಿ ಮಾಡುವ ಇಂಚರ ಎಂಬ ಹದಿನೈದರ ಹುಡುಗಿ, ಬೆಳಕನ್ನೆಲ್ಲ ನುಂಗಿದ ಒಬ್ಬ ಕತ್ತಲೆರಾಜ. ಕೊನೆಯಲ್ಲಿ ಇಂಚರ ಸಾವಿರ ಗೂಡುಗಳೊಳಗಿನ ಚಿಟ್ಟೆಗಳನ್ನೆಲ್ಲ ಹಾರಲು ಬಿಡುತ್ತಾಳೆ. ಆಮೇಲೆ ಆ ಖಾಲಿ ಗೂಡುಗಳನ್ನು ಕುದಿಯುವ ಕೊಳದಲ್ಲಿ ಅದ್ದಿ, ಎಲ್ಲೂ ತುಂಡಾಗದ ಒಂದೇ ಎಳೆ ತೆಗೆದು ರಾಜನನ್ನು ಕಟ್ಟಿಹಾಕುತ್ತಾಳೆ. ಬರೆದು ಮುಗಿಸಿದ ದಿನ ನನಗೇ ಕಣ್ಣು ತುಂಬಿ ಬಂದಿತ್ತು.

ಪುಸ್ತಕ ಅಚ್ಚಾಗಿ ಬಂತು. ಶಾಲೆಯಲ್ಲಿ ಹಾರ ಹಾಕಿದರು. ಮುಖ್ಯೋಪಾಧ್ಯಾಯರು ಹಿಂಬದಿಯ ರಕ್ಷಾಪುಟದಲ್ಲಿದ್ದ ನಾಲ್ಕು ಸಾಲನ್ನೇ ಹದಿನೈದು ನಿಮಿಷಕ್ಕೆ ಹಿಗ್ಗಿಸಿ ಹೊಗಳಿದರು. ಮಾಗಡಿಯಲ್ಲಿದ್ದ ನನ್ನ ಅಕ್ಕ ಫೋನು ಮಾಡಿ, "ಹದ್ದಿನ ಚಿತ್ರ ತುಂಬಾ ಚೆನ್ನಾಗೈತೆ ಕಣೇ" ಎಂದಳು. ನಾನು ಹಿಗ್ಗಿ ಹೀರೇಕಾಯಿಯಾದೆ. ಆದರೂ ಒಂದು ಆಸೆ ಒಳಗೇ ಉಳಿದಿತ್ತು. ಸಕೀನಮ್ಮ ಓದಬೇಕು, ಓದಿ, ಚೆನ್ನಾಗಿದೆ ಅನ್ನಬೇಕು. ಅವರು ಯಾವ ಪುಸ್ತಕಕ್ಕೂ ಆ ಮಾತು ಹೇಳಿದ್ದನ್ನು ನಾನು ಕೇಳಿರಲಿಲ್ಲ. ನನ್ನದಕ್ಕಾದರೂ ಹೇಳುತ್ತಾರೆ ಎಂದುಕೊಂಡಿದ್ದೆ.

ಪುಸ್ತಕ ಕೊಟ್ಟು ಹತ್ತು ದಿನದ ಮೇಲೆ ಕರೆದರು. ಪುಸ್ತಕ ಟವೆಲಿನ ಮೇಲಿತ್ತು. ಅಂಚಿನಲ್ಲಿ ಬಿಳಿಯ ನೂಲುಗಳು ಗಡ್ಡ ಬಿಟ್ಟಂತೆ ಇಳಿಬಿದ್ದಿದ್ದವು. ಎಣಿಸಿದೆ. ಹದಿನೇಳು.

ಒಂದೊಂದನ್ನೂ ಹೇಳಿದರು. ಹದ್ದಿನ ಮೇಲೆ ಕೂತ ಹುಡುಗಿಗೆ ಚಳಿಯೇ ಆಗುವುದಿಲ್ಲ. ಕತ್ತಲೆರಾಜನಿಗೆ ಬೆಳಕಿನ ಮೇಲೆ ಯಾಕಿಷ್ಟು ಸಿಟ್ಟು ಎಂದು ಎಲ್ಲೂ ಇಲ್ಲ. ಅವಳ ತಾಯಿ ಮೂರನೇ ಅಧ್ಯಾಯದಲ್ಲಿ ನೀರಿಗೆ ಹೋದವಳು ವಾಪಸೇ ಬಂದಿಲ್ಲ. ಇಷ್ಟನ್ನೂ ನಾನು ಹಲ್ಲು ಕಚ್ಚಿಕೊಂಡು ಕೇಳಿದೆ. ಹದಿನೇಳನೆಯ ನೂಲಿಗೆ ಬಂದಾಗ ಮಾತು ನಿಲ್ಲಿಸಿ ಎದ್ದರು. ಮೂಲೆಯ ಬುಟ್ಟಿಯಿಂದ ಒಂದು ಗೂಡು ಆರಿಸಿ ನನ್ನ ಕೈಗಿಟ್ಟರು. ಅದರ ತುದಿಯಲ್ಲಿ ತೂತಿತ್ತು. ಚಿಟ್ಟೆ ಕೊರೆದು ಹಾರಿಹೋದ ಗೂಡು.

"ಬಿಸಿನೀರಿಗೆ ಹಾಕು. ನೀನೇ ಎಳಿ, ನೋಡೋಣ."

ಹಾಕಿದೆ. ಅವರು ಕೊಟ್ಟ ಕುಂಚದಿಂದ ಕೆದಕಿ ಎಳೆದೆ. ಗೇಣುದ್ದ ಬಂತು, ತುಂಡಾಯಿತು. ಮತ್ತೆ ಎಳೆದೆ, ಮತ್ತೆ ತುಂಡಾಯಿತು. ಆಮೇಲೆ ಗೂಡಿನೊಳಗೆ ನೀರು ತುಂಬಿ ಅದು ತಳ ಸೇರಿತು. ರೇಷ್ಮೆಹುಳುವಿನ ಜೀವನಚಕ್ರವನ್ನು ಪ್ರತಿವರ್ಷ ಬಣ್ಣದ ಸೀಮೆಸುಣ್ಣದಲ್ಲಿ ಬರೆದು ಪಾಠ ಮಾಡುವವಳು ನಾನು. ಎಳೆ ತುಂಡಾಗದೆ ಬರಬೇಕಾದರೆ ಹುಳ ಒಳಗೇ ಸಾಯಬೇಕು ಎಂಬುದು ಈ ಊರಿನಲ್ಲಿ ಹುಟ್ಟಿದ ಮಗುವಿಗೂ ಗೊತ್ತು. ನನ್ನ ಕೈ ಮಾತ್ರ ಅದನ್ನು ಮರೆತು ಬರೆದಿತ್ತು.

"ಅದು ಮಾಯೆ ಅಲ್ವಾ ಸಕೀನಮ್ಮ? ಕಥೆ ಅದು" ಎಂದೆ.

"ಮಾಯೆ ಇರ್ಲಿ ಕಣಮ್ಮಿ. ಹುಳಾನೂ ಉಳೀಬೇಕು, ನೂಲೂ ಸಿಗ್ಬೇಕು ಅಂದ್ರೆ ಹೆಂಗೆ? ಒಂದನ್ನ ಬುಡ್ಬೇಕು. ನಿನ್ ಹುಡ್ಗಿ ಏನೂ ಬುಡ್ನಿಲ್ಲ, ಎಲ್ಲಾ ಗೆದ್ಬುಟ್ಲು." ತಮ್ಮ ಕೈಯನ್ನು ನನ್ನ ಮುಂದೆ ಚಾಚಿದರು. "ಕುದಿಯೋ ನೀರಿಗೆ ಕೈ ಹಾಕುದ್ಲು, ಒಸೀನೂ ಸುಡ್ನಿಲ್ಲ ಅಂತ ಬರ್ದಿದ್ದೀಯ. ಈ ಕೈ ದಿನಾ ನೋಡ್ತೀಯಲ್ಲ ಮಗಾ, ಹೆಂಗ್ ಬರ್ದೆ?"

ನಾನು ಪುಸ್ತಕ ಎತ್ತಿಕೊಂಡು ಎದ್ದು ಬಂದೆ. ಸಿಟ್ಟು ಬಂದಿತ್ತು, ಸುಳ್ಳು ಹೇಳುವುದಿಲ್ಲ. ಏಳನೇ ಕ್ಲಾಸು ಓದಿದವರಿಗೆ ಏನು ಗೊತ್ತು ಎಂದೂ ಮನಸ್ಸಿಗೆ ಬಂತು. ಹಾಗೆ ಬಂದದ್ದಕ್ಕೆ ಈಗಲೂ ನಾಚಿಕೆಯಾಗುತ್ತದೆ. ಎರಡು ತಿಂಗಳು ಆ ಕಡೆ ತಲೆ ಹಾಕಲಿಲ್ಲ. ಶಾಲೆಗೆ ಹಿತ್ತಲ ಬಾಗಿಲಿನಿಂದ ಹೋಗುತ್ತಿದ್ದೆ.

ರಂಜಾನ್ ಹಬ್ಬದ ದಿನ ತಬಸ್ಸುಮ್ ಶಾವಿಗೆ ಪಾಯಸದ ಡಬ್ಬಿ ತಂದಳು. "ಅತ್ತೆ ಹೇಳವ್ರೆ, ಸಿಟ್ಟು ಮಾಡ್ಕೊಂಡೇ ತಿನ್ಲಿ, ಆದ್ರೆ ತಿನ್ಲಿ ಅಂತ." ತಿಂದೆ. ತಿನ್ನುತ್ತಾ ಆ ಹದಿನೇಳು ನೂಲಿದ್ದ ಪುಟಗಳನ್ನು ಮತ್ತೆ ಬಿಡಿಸಿ ಓದಿದೆ. ಹಾರ ಹಾಕಿದವರಲ್ಲಿ ಒಬ್ಬರೂ ಮೂರನೇ ಅಧ್ಯಾಯದ ತಾಯಿ ಎಲ್ಲಿ ಹೋದಳೆಂದು ಕೇಳಿರಲಿಲ್ಲ. ನೀರಿಗೆ ಹೋದ ಆ ಹೆಂಗಸಿಗಾಗಿ ಊರಿನಲ್ಲಿ ಕಾದವರು ಸಕೀನಮ್ಮ ಒಬ್ಬರೇ. ನನ್ನ ಪುಸ್ತಕವನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ, ಗೆಣ್ಣಿನಿಂದ ಒಂದೊಂದೇ ಪುಟ ದೂಡಿ ಓದಿದವರು ಅವರೊಬ್ಬರೇ. ಡಬ್ಬಿ ತೊಳೆದು, ಖಾಲಿ ಕೊಡಬಾರದೆಂದು ಕೋಡುಬಳೆ ತುಂಬಿಕೊಂಡು ಎದುರು ಬಾಗಿಲಿಗೆ ಹೋದೆ.

"ಬಂದ್ಯಾ?" ಎಂದರು. "ಕುಂತ್ಕೋ. ಆ ತಾಯಿ ಎಲ್ಲಿಗೆ ಹೋದ್ಲು, ಈಗ್ಲಾದ್ರೂ ಹೇಳು."

ಎರಡನೆಯ ಕಾದಂಬರಿ ಆ ಪ್ರಶ್ನೆಯಿಂದ ಶುರುವಾಯಿತು. ಇಂಚರ ಈ ಸಲ ತಾಯಿಯನ್ನು ಹುಡುಕಿ ಹೊರಟಳು. ಹದ್ದಿನ ಮೇಲೆ ಅವಳಿಗೆ ಚಳಿಯಾಯಿತು. ಒಂದನ್ನು ಉಳಿಸಿಕೊಳ್ಳಲು ಇನ್ನೊಂದನ್ನು ಬಿಡಬೇಕಾಯಿತು. ಬಿಸಿನೀರಿಗೆ ಕೈ ಹಾಕಿದಾಗ ಕೈ ಸುಟ್ಟಿತು, ಬೆರಳ ತುದಿ ಬಿಳಿಚಿತು. ಆ ಕೈಯ ಬಗ್ಗೆ ಬರೆಯುವಾಗ ನಾನು ಕಿಟಕಿಯಿಂದ ಎದುರು ಶೆಡ್ಡನ್ನು ನೋಡಿ ನೋಡಿ ಬರೆಯುತ್ತಿದ್ದೆ. ಎರಡು ವರ್ಷ ಹಿಡಿಯಿತು. ಅಚ್ಚಿಗೆ ಕಳಿಸುವ ಮೊದಲು ಹಸ್ತಪ್ರತಿಯನ್ನು ಸಕೀನಮ್ಮನ ಟವೆಲಿನ ಮೇಲಿಟ್ಟೆ. ಆ ಹೊತ್ತಿಗೆ ಅವರಿಗೆ ಉಬ್ಬಸ ಜೋರಾಗಿತ್ತು. ಚರಕದ ಕೆಲಸವನ್ನು ಸೊಸೆಗೆ ಬಿಟ್ಟು ಬಾಗಿಲಲ್ಲೇ ಕೂತಿರುತ್ತಿದ್ದರು. ಕಟ್ಟಿನ ದಪ್ಪ ನೋಡಿ, "ನೂಲು ಎಷ್ಟು ಇಟ್ಕಳ್ಳಿ?" ಎಂದು ಕಣ್ಣು ಮಿಟುಕಿಸಿದರು.

"ಎಷ್ಟಾದ್ರೂ ಇಡಿ" ಎಂದೆ. ಮನಸ್ಸಿನಲ್ಲಿ ಆಸೆ ಹಾಗೇ ಇತ್ತು.

ಅದೇ ಅವರೊಡನೆ ಆಡಿದ ಕೊನೆಯ ಮಾತು. ಮೂರನೆಯ ದಿನ ನಾನು ಶಾಲೆಯಲ್ಲಿದ್ದಾಗ ಅವರಿಗೆ ಉಸಿರು ಕಟ್ಟಿತು; ಮನೆಯವರು ಬೆಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿಂದ ಜೀವಂತವಾಗಿ ವಾಪಸು ಬರಲಿಲ್ಲ.

ನಲವತ್ತು ದಿನ ಕಳೆದ ಮೇಲೆ ತಬಸ್ಸುಮ್ ಹಸ್ತಪ್ರತಿ ತಂದುಕೊಟ್ಟಳು. ಅದೇ ಟವೆಲಿನಲ್ಲಿ ಸುತ್ತಿತ್ತು. ಬಾಗಿಲಲ್ಲೇ ನಿಂತು ಬಿಚ್ಚಿದೆ. ಅರವತ್ತನಾಲ್ಕನೆಯ ಪುಟದಲ್ಲಿ ಒಂದು ನೂಲು. ಮುಂದೆಯೂ ಇಲ್ಲ, ಹಿಂದೆಯೂ ಇಲ್ಲ. ಇಂಚರ ಬಿಸಿನೀರಿನಿಂದ ಕೈ ಹೊರಗೆ ತೆಗೆಯುವ ಪುಟ ಅದು. ಪುಟದಲ್ಲೇ ಉಳಿದ ನೂಲಿನ ಅರ್ಥ ನನಗೆ ಗೊತ್ತಿತ್ತಲ್ಲ. ಆ ಪುಟವನ್ನು ಅಲ್ಲೇ ಎರಡು ಸಲ ಓದಿದೆ. ತಪ್ಪು ಸಿಗಲಿಲ್ಲ.

"ಏನಂದ್ರು ತಬಸ್ಸುಮ್? ಇಲ್ಲಿ ಏನು ಹಿಡಿಸಲಿಲ್ಲ ಅವ್ರಿಗೆ?"

ತಬಸ್ಸುಮ್ ದುಪಟ್ಟದ ಅಂಚಿನಿಂದ ಕಣ್ಣು ಒರೆಸಿಕೊಂಡಳು. "ಹಿಡಿಸ್ಲಿಲ್ಲ ಅಂತ ಅಲ್ಲಕ್ಕಾ. ಅದುನ್ನ ಓದ್ತಾ ಓದ್ತಾನೇ ಉಸ್ರು ಕಟ್ತು. ಇವ್ರು ಆಟೋ ತಂದ್ರು. ಅತ್ತೆ ಏಳೋದೇ ಇಲ್ಲ ಅಂತಾರೆ, ಒಸಿ ತಡೀರಿ, ಈ ಹುಡ್ಗಿ ಕೈ ಏನಾಯ್ತು ನೋಡ್ಬುಟ್ಟು ಬತ್ತೀನಿ ಅಂತ. ಬಲವಂತವಾಗಿ ಎಬ್ಬಿಸಿದ್ವಿ. ಆಟೋದಾಗೆ ಕುಂತ್ಮೇಲೂ ನಂಗೆ ಅದೇ ಮಾತು: ಯಾರೂ ಆ ನೂಲು ತೆಗೀಬೇಡಿ, ಬಂದು ನಾನೇ ತೆಗೀತೀನಿ."

ಪುಸ್ತಕ ಅಚ್ಚಾಯಿತು. ಜನ ಓದುತ್ತಿದ್ದಾರೆ, ಕೆಲವರು ಕಾಗದವನ್ನೂ ಬರೆಯುತ್ತಾರೆ. ಹಸ್ತಪ್ರತಿ ನನ್ನ ಬೀರುವಿನಲ್ಲಿ ಆ ಟವೆಲಿನೊಳಗೇ ಇದೆ. ಅರವತ್ತನಾಲ್ಕನೆಯ ಪುಟದ ನೂಲನ್ನು ನಾನು ತೆಗೆದಿಲ್ಲ.