ಮುರಿಗೆವ್ವನ ಖಾಲಿ ಸಿಲಿಂಡರು

ಧಾರವಾಡದ ಸಪ್ತಾಪುರದಲ್ಲಿ ಮುರಿಗೆವ್ವನ ಖಾನಾವಳಿ ಎಲ್ಲಿದೆ ಎಂದು ಯಾರನ್ನಾದರೂ ಕೇಳಿ ನೋಡಿ. ದಾರಿ ಹೇಳುವ ಮೊದಲು ಒಂದು ಎಚ್ಚರಿಕೆ ಹೇಳುತ್ತಾರೆ: ತಾಟಿನಲ್ಲಿ ಏನೂ ಬಿಡಬೇಡಿ, ಬೈಸಿಕೊಳ್ಳುತ್ತೀರಿ. ಇಪ್ಪತ್ತೆರಡು ವರ್ಷಗಳಿಂದ ಆಕೆ ಪರೀಕ್ಷೆಗೆ ಓದುವ ಹುಡುಗರಿಗೆ ಉಣ್ಣಿಸುತ್ತ, ಬೈಯುತ್ತ ಬಂದಿದ್ದಾಳೆ. ಅವರಲ್ಲಿ ಕೆಲವರು ತಹಶೀಲ್ದಾರರಾದರು, ಕೆಲವರು ಮಾಸ್ತರರಾದರು, ಕೆಲವರು ಏನೂ ಆಗದೆ ಇನ್ನೂ ಅಲ್ಲೇ ಉಣ್ಣುತ್ತಿದ್ದಾರೆ. ಬೈಗುಳದಲ್ಲಿ ಆಕೆ ಇವರಿಗೂ ಅವರಿಗೂ ಭೇದ ಮಾಡಿದವಳಲ್ಲ.

ಗಂಡ ಶಾಂತಯ್ಯ ಹಾಸ್ಟೆಲೊಂದರಲ್ಲಿ ಅಡಿಗೆಯವನಾಗಿದ್ದ. ಹೆಸರಿಗೆ ತಕ್ಕ ಮನುಷ್ಯ, ಯಾರಿಗೂ ಎದುರಾಡಿದವನಲ್ಲ. ಅವನು ಆಡದೆ ಬಿಟ್ಟು ಹೋದ ಮಾತನ್ನೆಲ್ಲ ಈಕೆ ಆಡಿ ಮುಗಿಸುತ್ತಿದ್ದಾಳೆ ಎಂದು ಆಕೆಯ ಮನೆಯಿರುವ ಮಾಳಮಡ್ಡಿಯ ಓಣಿಯವರು ನಗುತ್ತಾರೆ. ಅವನು ತೀರಿಕೊಂಡ ಮೇಲೆ ಮುರಿಗೆವ್ವ ಮನೆಯಲ್ಲಿ ಕೂತು ಅಳಲಿಲ್ಲ ಎಂದಲ್ಲ. ಅತ್ತಳು, ಒಂದು ತಿಂಗಳು ಅತ್ತಳು. ಆಮೇಲೆ ಅವನ ಸೌಟು ತೆಗೆದುಕೊಂಡು ಸಪ್ತಾಪುರದಲ್ಲಿ ಎರಡು ಖೋಲಿ ಬಾಡಿಗೆ ಹಿಡಿದಳು.

ಕೊಲ್ಲಿಯ ಯುದ್ಧಕ್ಕೂ ಆಕೆಗೂ ಹಳೆಯ ಪರಿಚಯ. ಮದುವೆಯಾದ ಹೊಸದರಲ್ಲಿ, ತೊಂಬತ್ತರ ಸುಮಾರಿಗೆ, ಅಲ್ಲೊಂದು ಯುದ್ಧ ಹತ್ತಿತ್ತು. ಕುವೇತ ಯಾವ ದಿಕ್ಕಿಗಿದೆ ಎಂದು ಆಕೆಗೆ ಗೊತ್ತಿರಲಿಲ್ಲ. ರೇಶನ್ ಸೊಸೈಟಿಯ ಮುಂದೆ ಸ್ಟೋವಿನ ಚಿಮಣಿ ಎಣ್ಣೆಯ ಪಾಳಿ ಯಾವ ಮನೆಯ ಕಟ್ಟೆಯ ತನಕ ಬಂದಿದೆ ಎಂಬುದು ಮಾತ್ರ ದಿನಾಲೂ ಗೊತ್ತಿರುತ್ತಿತ್ತು. ಜನ ತಮ್ಮ ತಮ್ಮ ಡಬ್ಬಿ ಸಾಲಾಗಿ ಇಟ್ಟು ನೆರಳಿಗೆ ಹೋಗಿ ಕೂಡುತ್ತಿದ್ದರು. ಒಬ್ಬರ ಡಬ್ಬಿಯನ್ನು ಇನ್ನೊಬ್ಬರು ಮುಟ್ಟುವ ಹಾಗಿರಲಿಲ್ಲ. ಅದನ್ನು ಯಾರೂ ಬರೆದಿಟ್ಟಿರಲಿಲ್ಲ, ಎಲ್ಲರೂ ನಡೆಸುತ್ತಿದ್ದರು. ಒಮ್ಮೆ ಒಬ್ಬ ಪೊಲೀಸನು ಮುದುಕಿಯೊಬ್ಬಳ ಡಬ್ಬಿ ಸರಿಸಿ ತನ್ನ ಸಾಹೇಬರ ಕ್ಯಾನು ಇಟ್ಟ. ಹೊಸ ಸೊಸೆ ಮುರಿಗೆವ್ವ ಎದ್ದು ಹೋಗಿ, ಕ್ಯಾನು ತೆಗೆದು ಸಾಲಿನ ತುದಿಗಿಟ್ಟು ಬಂದಳು. ಅತ್ತೆ ಎಂಟು ದಿನ ಮಾತು ಬಿಟ್ಟಿದ್ದಳು. ಪೊಲೀಸನು ಮಾತ್ರ ಅಂದು ಸಾಲಿನ ತುದಿಯಲ್ಲೇ ನಿಂತ.

ಆಮೇಲೆ ಗ್ಯಾಸು ಬಂತು, ಎಲ್ಲ ಮರೆತುಹೋಯಿತು. ಈ ವರ್ಷ ಮತ್ತೆ ಕೊಲ್ಲಿಯ ಕಡೆ ಯುದ್ಧ ಹತ್ತಿ, ಹಡಗು ಬರುವ ದಾರಿ ಬಂದಾದಾಗ ಎಲ್ಲ ಒಟ್ಟಿಗೆ ನೆನಪಾಯಿತು. ಗ್ಯಾಸು ಮೊದಲು ಮನೆಗಳಿಗೆ, ಹೋಟೆಲು ಖಾನಾವಳಿಗಳಿಗೆ ಆಮೇಲೆ ಎಂದು ಏಜೆನ್ಸಿಯವರು ಬಾಗಿಲಿಗೆ ಚೀಟಿ ಅಂಟಿಸಿದರು. ಆಮೇಲೆ ಎಂದರೆ ಯಾವಾಗ ಎಂಬುದು ಚೀಟಿಯಲ್ಲಿರಲಿಲ್ಲ. ಖಾನಾವಳಿಗಳದೊಂದು ಪಾಳಿಯ ಪಟ್ಟಿಯಾಯಿತು. ಮುರಿಗೆವ್ವನ ನಂಬರು ನಲವತ್ತೊಂದು. ಪಟ್ಟಿ ಒಂದು ದಿನ ಸರಿದರೆ ಎರಡು ದಿನ ನಿಲ್ಲುತ್ತಿತ್ತು.

ಎದುರು ಸಾಲಿನ ಗುರುಸಿದ್ದಯ್ಯನ ಖಾನಾವಳಿ ಐದನೆಯ ದಿನಕ್ಕೆ ಶಟರು ಎಳೆಯಿತು. ಈ ಗುರುಸಿದ್ದಯ್ಯನಿಗೂ ಮುರಿಗೆವ್ವನಿಗೂ ಮೂರು ವರ್ಷದಿಂದ ಮಾತಿಲ್ಲ. ಆಕೆಯ ರೊಟ್ಟಿ ಚಪ್ಪಲಿಗೆ ಅಟ್ಟೆ ಹಚ್ಚಲು ಬರುತ್ತದೆ ಎಂದು ಅವನು ಹುಡುಗರ ಮುಂದೆ ಅಂದಿದ್ದ. ಹಾಗಂದವನ ಶಟರು ಇಳಿದದ್ದು ಕಂಡು ಆಕೆಗೆ ಖುಷಿಯಾಗಬೇಕಿತ್ತು, ಆಗಲಿಲ್ಲ, ಹೆದರಿಕೆಯಾಯಿತು. ಬಾಗಿಲು ಮುಚ್ಚಿದರೆ ಹುಡುಗರು ಚದುರುತ್ತಾರೆ, ಚದುರಿದವರು ತಿರುಗಿ ಬರುವುದಿಲ್ಲ. ಐವತ್ತೈದರ ವಯಸ್ಸಿನಲ್ಲಿ ಇನ್ನೊಮ್ಮೆ ಮೊದಲಿನಿಂದ ಶುರು ಮಾಡುವುದು ಆಗದ ಮಾತು.

"ಏನಾರ ಆಗಲಿ, ಬಾಗಿಲಾ ಮುಚ್ಚಂಗಿಲ್ಲ," ಎಂದಳು ಸುಲ್ತಾನಾಳಿಗೆ.

ಸುಲ್ತಾನಾ ಹನ್ನೊಂದು ವರ್ಷದಿಂದ ಆಕೆಯ ಪಕ್ಕದಲ್ಲಿ ಕೂತು ರೊಟ್ಟಿ ಬಡಿಯುವವಳು. ಅವಳ ಗಂಡ ಜುಲ್ಫಿಕಾರ ಅದೇ ಕೊಲ್ಲಿಯ ಬಂದರೊಂದರಲ್ಲಿ ಎಣ್ಣೆಯ ಟ್ಯಾಂಕರು ಹೊಡೆಯುತ್ತಾನೆ. ದಿನಾ ಬೆಳಿಗ್ಗೆ ಅವನ ದನಿ ಫೋನಿನಲ್ಲಿ ಬಂದ ಮೇಲೆಯೇ ಅವಳು ಹಿಟ್ಟಿಗೆ ಕೈ ಹಾಕುತ್ತಿದ್ದಳು.

"ಏನಂತಾನ ಜುಲ್ಫಿಕಾರ?"

"ಆರಾಮ ಅದೇನಿ ಅಂತಾನ ಅಕ್ಕಾ. ಗಾಡಿ ತುಂಬೇ ನಿಂತಾವಂತ, ಹಡಗ ಹೊಂಡವಲ್ವಂತ."

"ಅಲ್ಲಿ ತುಂಬಿ ನಿಂತಾವ, ಇಲ್ಲಿ ಖಾಲಿ ನಿಂತಾವ. ನಡುವ ನಾಕು ಮಂದಿ ದೊಡ್ಡವ್ರು ಕುಸ್ತಿ ಹಿಡದಾರ," ಎಂದಳು ಮುರಿಗೆವ್ವ. ಊಟದ ಸಾಲಿನಲ್ಲಿ ಹುಡುಗರು ಯಾವ ದೇಶದ ಕ್ಷಿಪಣಿ ಎಷ್ಟು ದೂರ ಹಾರುತ್ತದೆ ಎಂದು ಕ್ರಿಕೆಟ್ ಮ್ಯಾಚಿನಂತೆ ಚರ್ಚೆ ಮಾಡಿದರೆ, ಸುಲ್ತಾನಾ ಅಲ್ಲಿದ್ದಾಳೆಂದು ಆಕೆ ಅವರ ಬಾಯಿ ಮುಚ್ಚಿಸುತ್ತಿದ್ದಳು.

ಆಗ ಬಂದವನು ಬಸವಕಿರಣ. ಹಿಂದೆ ಇದೇ ಖಾನಾವಳಿಯಲ್ಲಿ ಉಂಡು ಓದಿದವನು, ಈಗ ವಿರೋಧ ಪಕ್ಷದ ಕಾರ್ಯಕರ್ತ. "ಖಾಲಿ ಸಿಲಿಂಡರ ಒಂದು ಕೊಡ್ರಿ ಅವ್ವಾರ. ನಾಳೆ ಕೆಲಸ ಆಕ್ಕೇತಿ," ಎಂದ. ತುಂಬಿಸಿಕೊಂಡು ಬರುತ್ತಾನೆ ಎಂದೇ ಆಕೆ ತಿಳಿದಳು. ಯಾವ ಕೆಲಸ ಎಂದು ಕೇಳಲಿಲ್ಲ. ತನ್ನ ಕೈಯಲ್ಲಿ ಉಂಡವನು ತನಗೆ ಮೋಸ ಮಾಡುತ್ತಾನೆ ಎಂದು ಎಣಿಸುವ ಜಾತಿಯವಳಲ್ಲ ಆಕೆ. ಅಡಿಗೆ ಮಾಡಿ ಬಡಿಸುವವರೆಲ್ಲ ಮಾಡುವ ತಪ್ಪು ಇದು. ಇಳಕಲ್ಲ ಸೀರೆಯ ಹಳೆಯ ಅಂಚಿನ ತುಂಡೊಂದನ್ನು ಗುರುತಿಗೆ ಹಿಡಿಕೆಗೆ ಕಟ್ಟಿ ಕೊಟ್ಟುಬಿಟ್ಟಳು. ಒಲೆಗೆ ಹಚ್ಚಿದ್ದ ಇನ್ನೊಂದು ಸಿಲಿಂಡರು ಮರುದಿನ ಹತ್ತು ಗಂಟೆಗೆ ಬುಸ್ಸೆಂದು ಆರಿತು. ಅದೇ ಹೊತ್ತಿಗೆ ಹುಡುಗನೊಬ್ಬ ಫೋನು ತೋರಿಸಿದ. ಜುಬಿಲಿ ಸರ್ಕಲ್ಲಿನಲ್ಲಿ ಧರಣಿ ನಡೆದಿತ್ತು. ಬಿದಿರಿನ ಚಟ್ಟದ ಮೇಲೆ ನೀಲಿ ಸಿಲಿಂಡರು, ಅದಕ್ಕೆ ಚೆಂಡುಹೂವಿನ ಹಾರ, ಹಿಡಿಕೆಯಲ್ಲಿ ಇಳಕಲ್ಲ ಅಂಚು.

ಮುರಿಗೆವ್ವ ಸುಲ್ತಾನಾಳನ್ನು ಕರೆದುಕೊಂಡು ಆಟೋ ಹತ್ತಿದಳು. ಸರ್ಕಲ್ಲಿನಲ್ಲಿ ನಾಲ್ಕು ಜನ ಗಂಡಸರು ಬಾಯಿ ಬಡಿದುಕೊಂಡು ಸುಳ್ಳು ಸುಳ್ಳೇ ಅಳುತ್ತಿದ್ದರು. ಆಕೆ ನೇರ ನಡುವೆ ಹೋಗಿ ನಿಂತಳು.

"ಬಸವಕಿರಣಾ, ಇದೇನಪಾ?"

"ಅಣಕು ಶವಯಾತ್ರಿ ಅವ್ವಾರ. ಸರಕಾರಕ್ಕ ಬಿಸಿ ಮುಟ್ಟಬೇಕಲ್ರಿ."

"ಸರಕಾರಕ್ಕ ಆಮ್ಯಾಲ ಮುಟ್ಟಸು. ನಿಮ್ಮಜ್ಜ ಲಿಂಗೈಕ್ಯ ಆದಾಗ ಹಿಂಗ ಮಲಗಿಸಿ ಒಯ್ದಿದ್ರೇನು?"

ಬಸವಕಿರಣ ತಲೆ ತಗ್ಗಿಸಿದ. ಅವರ ಪೈಕಿ ಸತ್ತವರನ್ನು ಕೂರಿಸಿ ಒಯ್ಯುವುದು ಪದ್ಧತಿ, ಚಟ್ಟ ಕಟ್ಟುವ ಮಾತೇ ಇಲ್ಲ. "ಕುಂಡ್ರಿಸಿ ಒಯ್ದಿದ್ವಿ," ಎಂದ ಮೆಲ್ಲಗೆ.

"ಮತ್ತ? ಅಳೂದು ಸುಳ್ಳಾದ್ರೂ ಪದ್ಧತಿ ಖರೇ ಇರಲಿ. ಅದೂ ಹೋಗಲಿ, ಇದೇನು ಸತ್ತಿಲ್ಲ, ಖಾಲಿ ಆಗೇತಿ. ಖಾಲಿ ಆಗಿದ್ದನ್ನ ತುಂಬಸ್ತಾರ, ಮಣ್ಣು ಕೊಡೂದಿಲ್ಲ."

ಸುತ್ತ ನಿಂತವರು ನಕ್ಕರು, ಅಳುತ್ತಿದ್ದವರೂ ನಕ್ಕರು. ಆಕೆ ಹಾರ ಕಿತ್ತು ಚಟ್ಟದ ಮೇಲಿಟ್ಟು, ಸಿಲಿಂಡರನ್ನು ಎಬ್ಬಿಸಿ, ತಳದ ಅಂಚಿನ ಮೇಲೆ ಉರುಳಿಸುತ್ತ ಆಟೋದ ತನಕ ಒಯ್ದಳು. ಬಸ್ಸುಗಳು ನಿಂತು ದಾರಿ ಕೊಟ್ಟವು. ಸಂಜೆಯೊಳಗೆ ಯಾರೋ ತೆಗೆದ ಆ ಚಿತ್ರ ಹುಬ್ಬಳ್ಳಿ-ಧಾರವಾಡದ ಎಲ್ಲ ಫೋನಿನಲ್ಲಿತ್ತು.

ಚಿತ್ರದಿಂದ ಅನ್ನ ಬೇಯುವುದಿಲ್ಲವಲ್ಲ. ಮುರಿಗೆವ್ವ ತನ್ನ ತವರು ಹೆಬ್ಬಳ್ಳಿಯಿಂದ ಒಂದು ಟ್ರಾಲಿ ಹತ್ತಿಕಟ್ಟಿಗೆ ತರಿಸಿದಳು. ಸಪ್ತಾಪುರದ ಬಾಡಿಗೆ ಜಾಗದಲ್ಲಿ ಹೊಗೆ ಎಬ್ಬಿಸಿದರೆ ಮಾಲೀಕ ಆಕೆಯನ್ನೇ ಎಬ್ಬಿಸುತ್ತಿದ್ದ. ಅದಕ್ಕೆ ಮಾಳಮಡ್ಡಿಯ ಮನೆಯ ಹಿತ್ತಲಲ್ಲಿ ಮೂರು ಕಲ್ಲಿಟ್ಟು ರೊಟ್ಟಿಯ ಹಂಚು ಏರಿಸಿದಳು. ಎರಡು ದಿನ ಆಕೆ, ಸುಲ್ತಾನಾ ಇಬ್ಬರೂ ಹೊಗೆಯ ಕಣ್ಣೀರು ಒರೆಸಿಕೊಳ್ಳುತ್ತ ಕಡಕ ರೊಟ್ಟಿ ಬಡಿದರು. ಒಮ್ಮೆ ಬೇಯಿಸಿಟ್ಟರೆ ಹದಿನೈದು ದಿನ ಕೆಡದ ರೊಟ್ಟಿ ಅದು. ಹಿಂದಿನವರು ಊರು ಬಿಟ್ಟು ಹೋಗುವಾಗ ಕಟ್ಟಿಕೊಂಡು ಹೋಗುತ್ತಿದ್ದದ್ದು. ಅದರ ಜೊತೆ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿಯಂಥ ಚಟ್ನಿಪುಡಿ, ಗಟ್ಟಿ ಮೊಸರು, ಮೊಳಕೆ ಹೆಸರುಕಾಳು, ಹಸಿ ಮೆಂತ್ಯ, ಸೌತೆ, ಉಳ್ಳಾಗಡ್ಡಿ. ಖಾನಾವಳಿಯಲ್ಲಿ ಒಂದು ಕಡ್ಡಿ ಗೀರದೆ ಅರವತ್ತು ಜನರ ಊಟ ಎದ್ದು ನಿಂತಿತು.

"ಅನ್ನ ಇಲ್ಲೇನ್ರಿ ಅವ್ವಾರ?" ಎಂದು ಹುಡುಗರು ಮುಖ ಸಣ್ಣದು ಮಾಡಿದರು.

"ಇಲ್ಲ. ಯುದ್ಧ ಮಾಡಾವ್ರಿಗೆ ಹೋಗಿ ಕೇಳ್ರಿ. ಹಲ್ಲು ಗಟ್ಟಿ ಅದಾವಿಲ್ಲೋ, ಕಡೀರಿ."

ಕಡಿದರು. ಒಂಬತ್ತು ದಿನ ಹೀಗೆ ನಡೆಯಿತು. ಹತ್ತನೆಯ ದಿನ ಮಧ್ಯಾಹ್ನ ಬಾಗಿಲ ಮುಂದೆ ಒಂದು ಜೀಪು ನಿಂತಿತು. ಅದರ ಹಿಂದೆಯೇ ಗ್ಯಾಸಿನ ಗಾಡಿ, ಗಾಡಿಯಲ್ಲಿ ಸಿಲಿಂಡರು ಮುಟ್ಟಿಸುವ ಮಲ್ಲಿಕಸಾಬ. ಜೀಪಿನಿಂದ ಇಳಿದವರು ಆಳುವ ಪಕ್ಷದ ವಾರ್ಡಿನ ಮುಖಂಡ ರಾಜಶೇಖರ. ಅವರ ಜೊತೆ ಒಬ್ಬ ಕ್ಯಾಮೆರಾದವನಿದ್ದ. ಗಾಡಿಯಿಂದ ಇಳಿದ ತುಂಬಿದ ಸಿಲಿಂಡರಿಗೆ ಗುಲಾಬಿ ಹಾರ, ಹೊಟ್ಟೆಯ ಮೇಲೆ ರಾಜಶೇಖರರ ನಗುಮುಖದ ಚೀಟಿ.

"ಅವ್ವಾರ, ಅವ್ರ ನಾಟಕಾ ನಡುಬೀದ್ಯಾಗ ಬಯಲಿಗೆ ಹಾಕಿದ್ರಿ. ಇದು ನಮ್ಮ ಕಡಿಂದ. ಕ್ಯಾಮೆರಾ ಮುಂದ ಒಂದು ಮಾತು ಹೇಳಿಬಿಡ್ರಿ, ಗ್ಯಾಸಿಗೆ ಏನೂ ಕೊರತಿ ಇಲ್ಲ ಅಂತ."

ಆಕೆಗೆ ಆಸೆಯಾಯಿತು, ಸುಳ್ಳು ಯಾಕೆ ಹೇಳಬೇಕು. ಒಂಬತ್ತು ದಿನದ ಒಣ ಊಟಕ್ಕೆ ಹುಡುಗರ ಉತ್ಸಾಹ ಇಳಿದಿತ್ತು. ಹಿತ್ತಲ ಹೊಗೆಗೆ ಸುಲ್ತಾನಾಳಿಗೆ ಹತ್ತಿದ ಕೆಮ್ಮು ಇನ್ನೂ ನಿಂತಿರಲಿಲ್ಲ. ಒಂದು ಮಾತು ಆಡಿದರೆ ಸಂಜೆಗೆ ಬಿಸಿ ಸಾರು. ಮುರಿಗೆವ್ವ ಸಿಲಿಂಡರಿನ ಮೇಲೆ ಕೈ ಇಟ್ಟಳು. ತುಂಬಿದ ಸಿಲಿಂಡರು ತಣ್ಣಗಿತ್ತು.

"ಕೊರತಿ ಇಲ್ದಿದ್ರ ಇದಕ್ಕ ಹಾರ ಯಾಕ ಹಾಕಿ ತಂದ್ರಿ?" ಎಂದಳು. ರಾಜಶೇಖರರು ನಗಲು ನೋಡಿದರು. ಆಕೆ ಮಲ್ಲಿಕಸಾಬನ ಕಡೆ ತಿರುಗಿದಳು. "ನನ್ನ ನಂಬರ ನಲವತ್ತೊಂದು. ನಿನ್ನಿ ತನಕ ಇಪ್ಪತ್ತೇಳು ಮುಗದಿತ್ತು. ಇದು ಯಾರ ಪಾಳೀದು?"

ಮಲ್ಲಿಕಸಾಬ ಮುಖಂಡರ ಬೂಟು ನೋಡುತ್ತ ನಿಂತ.

"ಮಲ್ಲಿಕಸಾಬ, ನಿನ್ನ ಕೇಳಾಕತ್ತೇನಿ."

"ಇಪ್ಪತ್ತೆಂಟರದ್ರಿ ಅವ್ವಾರ. ಆ ಎದುರಿನ ಗುರುಸಿದ್ದಯ್ಯನವ್ರದ್ದು."

ಬೇರೆ ಯಾರ ಹೆಸರು ಬಂದಿದ್ದರೂ ಆಕೆಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ಚಪ್ಪಲಿ ಅಟ್ಟೆಯ ಮಾತು ಇನ್ನೂ ಕಿವಿಯಲ್ಲಿತ್ತು. ಅವನ ಶಟರು ಇನ್ನೊಂದು ವಾರ ಇಳಿದೇ ಇದ್ದರೆ ಅವನ ಹುಡುಗರೂ ಈಕೆಯವರಾಗುತ್ತಿದ್ದರು, ಅದೂ ಆಕೆಗೆ ಗೊತ್ತಿತ್ತು.

"ಸಾವಕಾರ್ರ," ಎಂದಳು, "ಅಲ್ಲಿ ಸಮುದ್ರದಾಗ ಜಗಳಾ ನಡದಿದ್ದೂ ಇದಕ್ಕನ. ಇನ್ನೊಬ್ಬರ ಪಾಲು ನಂದು ಅನ್ನೂದಕ್ಕ. ಅವರ ಕೈಯಾಗ ತೋಪು ಅದಾವ, ನಿಮ್ಮ ಕೈಯಾಗ ಜೀಪು ಐತಿ. ನನ್ನ ಅಂಗಳದಾಗ ಈ ಆಟ ಬ್ಯಾಡ್ರಿ."

"ವಿಚಾರ ಮಾಡ್ರಿ ಅವ್ವಾರ. ನಲವತ್ತೊಂದು ಯಾವಾಗ ಬರ್ತೈತೋ, ಬರ್ತೈತೋ ಇಲ್ಲೋ."

"ಬರಬೇಕು. ಬರದ ಎಲ್ಲಿ ಹೋಗ್ತೈತಿ, ನಾನೂ ನೋಡ್ತೇನಿ."

ಆಕೆ ಹಾರ ತೆಗೆದು ರಾಜಶೇಖರರ ಕೈಗೆ ಕೊಟ್ಟಳು. ಉಗುರಿನಿಂದ ಕೆರೆದು ಚೀಟಿ ಕಿತ್ತಳು. ಅರ್ಧ ನಗು ಅಲ್ಲೇ ಉಳಿಯಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಸಿಲಿಂಡರು ವಾಲಿಸಿ, ಉರುಳಿಸುತ್ತ ರಸ್ತೆ ದಾಟಿದಳು. ಈ ಸಲ ಅದು ತುಂಬಿದ್ದು, ಭಾರವಿತ್ತು. ಸುಲ್ತಾನಾ ಓಡಿ ಬಂದು ಇನ್ನೊಂದು ಕಡೆ ಕೈ ಕೊಟ್ಟಳು. ಶಟರು ಬಡಿದಾಗ ಗುರುಸಿದ್ದಯ್ಯ ಅರ್ಧ ಎತ್ತಿ ಬಗ್ಗಿ ನೋಡಿದ.

"ನಿನ್ನ ಪಾಳಿ ಬಂದೈತಿ," ಎಂದಳು ಮುರಿಗೆವ್ವ, ಮೂರು ವರ್ಷದ ಮೇಲೆ ಮೊದಲ ಮಾತು. "ಖಾಲೀದು ಮಲ್ಲಿಕಸಾಬನ ಕೈಯಾಗ ಕೊಡು."

ಅವನು ಜೀಪು ನೋಡಿದ, ಹಾರ ಹಿಡಿದು ನಿಂತ ಮುಖಂಡರನ್ನು ನೋಡಿದ, ಆಕೆಯನ್ನು ನೋಡಿದ. "ಮತ್ತ ನಿನಗ?"

"ನನ್ನ ಮುಂದ ಇನ್ನ ಹನ್ನೆರಡು ಮಂದಿ ಅದಾರ."

ಮರುದಿನ ಎದುರಿನಿಂದ ಬಿಸಿ ಅನ್ನದ, ಒಗ್ಗರಣೆಯ ವಾಸನೆ ರಸ್ತೆ ದಾಟಿ ಬಂತು. ಮುರಿಗೆವ್ವನ ಅರವತ್ತು ಹುಡುಗರಲ್ಲಿ ಮೂವತ್ತೈದು ಜನ ಆ ಕಡೆ ಹೋದರು. ಆಕೆಗೆ ನೋವಾಯಿತು. ಹಸಿದವರನ್ನು ಬೈಯಲು ಬಾಯಿ ಬರಲಿಲ್ಲ. "ಅಕ್ಕಾ, ಉಳಿದವ್ರೂ ಹೋದ್ರ?" ಎಂದಳು ಸುಲ್ತಾನಾ. "ಒಬ್ಬ ಉಳಿದ್ರೂ ತಾಟು ಹಾಕೂನು," ಎಂದು ಮುರಿಗೆವ್ವ ಹೊಸ ರೊಟ್ಟಿಯ ಗಂಟು ಬಿಚ್ಚಿದಳು.

ಆದರೆ ಜೀಪಿನವರ 'ಬರ್ತೈತೋ ಇಲ್ಲೋ' ಎಂಬ ಮಾತನ್ನು ಆಕೆ ಮರೆತಿರಲಿಲ್ಲ. ದಿನಾ ಬೆಳಿಗ್ಗೆ ಏಜೆನ್ಸಿಯ ಬಾಗಿಲು ತೆರೆಯುವ ಹೊತ್ತಿಗೆ ಅದರ ಮೆಟ್ಟಿಲ ಮೇಲೆ ಹೋಗಿ ಕೂಡತೊಡಗಿದಳು. ಹೊರಬರುವ ಒಂದೊಂದು ನೀಲಿ ಸಿಲಿಂಡರಿಗೂ ಯಾವ ನಂಬರಿನದು ಎಂದು ಗಟ್ಟಿಯಾಗಿ ಕೇಳುತ್ತಿದ್ದಳು. ಒಳಗಿನ ಕಾರಕೂನ ಮೊದಲ ದಿನ ಗದರಿದ, ಎರಡನೆಯ ದಿನ ಪಟ್ಟಿಯನ್ನು ಬಾಗಿಲಿಗೆ ಹಚ್ಚಿದ. ಮೂರನೆಯ ದಿನ ಆಕೆ ಹೋದಾಗ ಮೆಟ್ಟಿಲ ಮೇಲೆ ಗುರುಸಿದ್ದಯ್ಯ ಕೂತಿದ್ದ. ಅವನ ಪಾಳಿ ಮುಗಿದಿತ್ತು, ಅವನಿಗೆ ಅಲ್ಲಿ ಏನೂ ಕೆಲಸವಿರಲಿಲ್ಲ. ಆಕೆಯನ್ನು ಕಂಡು ಅವನು ಸ್ವಲ್ಪ ಸರಿದು ಜಾಗ ಮಾಡಿಕೊಟ್ಟ. ಅಷ್ಟರಲ್ಲಿ ಮಲ್ಲಿಕಸಾಬ ಒಂದು ಸಿಲಿಂಡರು ಹೆಗಲಿಗೇರಿಸಿ ಹೊರಬಂದ. ಮುರಿಗೆವ್ವ ಬಾಯಿ ತೆರೆಯುವ ಮೊದಲೇ ಗುರುಸಿದ್ದಯ್ಯ ಎದ್ದು ನಿಂತು ಕೇಳಿದ:

"ಯಾವ ನಂಬರಪಾ ಅದು?"